ಮರಳು ಮಣ್ಣಿನಲ್ಲೂ ಐರಿಸ್ ಹೂ ಬಿಟ್ಟಿತು

ನಮ್ಮ ಹೂದೋಟದ ಮಣ್ಣು ಪೂರ್ತಿ ಮರಳು. ನೀರು ಹಾಕಿದರೆ ಸರ್ರನೆ ಇಳಿದುಹೋಗುತ್ತದೆ, ಜೊತೆಗೆ ಗೊಬ್ಬರದ ಸಾರವೂ. ಐರಿಸ್ ಎಲೆಗಳ ತುದಿ ಒಣಗುತ್ತಿತ್ತು, ಹೂವಂತೂ ಇಲ್ಲವೇ ಇಲ್ಲ. ನನ್ನದು ದಳದ ಮೇಲೆ ಗಡ್ಡದಂಥ ರೋಮವಿರುವ ಜಾತಿ.

ಹೂವಿನ ಕಾಲ ಮುಗಿದ ಮೇಲೆ ಗಡ್ಡೆಗಳನ್ನು ಕಿತ್ತಿಟ್ಟೆ. ಪಾತಿಯ ಮೇಲೆ 2-3 ಇಂಚು ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ, ಸುಮಾರು 10 ಇಂಚು ಆಳದವರೆಗೆ ಅಗೆದು ಬೆರೆಸಿದೆ. ಹಸಿ ಸಗಣಿ ಬೇಡವೇ ಬೇಡ, ಗಡ್ಡೆಗೆ ತಗುಲಿದರೆ ಕೊಳೆಯುತ್ತದೆ. ಸಾರಜನಕ ಜಾಸ್ತಿ ಇರುವ ಗೊಬ್ಬರವೂ ಅಷ್ಟೇ: ಎಲೆ ಸೊಂಪಾಗಿ ಬರುತ್ತದೆ, ಹೂ ಕಮ್ಮಿ.

ಜೇಡಿಮಣ್ಣು ಸುರಿಯಿರಿ ಅಂತ ಕೆಲವರು ಹೇಳಿದರು. ಅದು ಸರಿಯಾಗಿ ಬೆರೆಯದೆ ಹೆಂಟೆ ಹೆಂಟೆಯಾಗಿ ಉಳಿಯುತ್ತದೆ. ನನಗೆ ಕಾಂಪೋಸ್ಟೇ ವಾಸಿ ಅನಿಸಿತು. ನೀರು ಬಸಿದುಹೋಗುವುದು ಐರಿಸ್‌ಗೆ ಬೇಕಾದ ಗುಣವೇ ಅಲ್ವಾ? ಅದನ್ನು ಸುಮ್ನೆ ಯಾಕೆ ಕೆಡಿಸಬೇಕು?

ಹದ ನೋಡಲು ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದೆ. ಮೊದಲು ಬೆರಳ ಸಂದಿಯಿಂದ ಸೋರಿಹೋಗುತ್ತಿದ್ದ ಮಣ್ಣು ಈಗ ಉಂಡೆಯಾಗಿ ನಿಂತಿತು, ಬೆರಳಿನಿಂದ ತಟ್ಟಿದರೆ ಉದುರಿತು. ಅಷ್ಟಾದರೆ ಸಾಕು.

ನೆಡುವಾಗ ಗುಂಡಿಯ ನಡುವೆ ಪುಟ್ಟ ದಿಬ್ಬ ಮಾಡಿ, ಅದರ ಮೇಲೆ ಗಡ್ಡೆ ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಟ್ಟೆ. ಜಿಗುಟು ಮಣ್ಣಿನಲ್ಲಾದರೆ ಗಡ್ಡೆಯ ಬೆನ್ನು ಹೊರಗೆ ಕಾಣಬೇಕು. ಮರಳಿನಲ್ಲಿ ಬಿಸಿಲಿಗೆ ಬೇಗ ಕಾಯುವುದರಿಂದ ಅರ್ಧ ಇಂಚು ಮಣ್ಣು ಮುಚ್ಚಿದೆ.

ಮುಂದಿನ ಸಲ ಹೂದಂಟು ನೆಟ್ಟಗೆ ಎದ್ದು ಬಂತು. ಮರಳಿನಲ್ಲಿ ಕಾಂಪೋಸ್ಟ್ ಬೇಗ ಕರಗಿಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಗಿಡದ ಸುತ್ತ ತೆಳುವಾಗಿ ಹಾಕುತ್ತೇನೆ, ಗಡ್ಡೆಯ ಮೇಲೆ ಮಾತ್ರ ಬೀಳಬಾರದು.