ಮಾರ್ಫಿನ್ ಮಾತ್ರೆ ಮನೆಯಲ್ಲಿ ಕೊಡುವುದು ಹೇಗೆ, ಚಟದ ಭಯ ಎಷ್ಟಿರಬೇಕು

ಕ್ಯಾನ್ಸರ್ ಇರುವವರ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸ್ ನಾನು. ಮಾರ್ಫಿನ್ ಅಂದ ಕೂಡಲೇ ಮನೆಯವರು ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳುತ್ತಾರೆ: "ಸಿಸ್ಟರ್, ಇದು ಚಟ ಆಗಲ್ವಾ?" ಆಮೇಲೆ ಅವರೇ ಮಾತ್ರೆ ಮುರಿದು ಅರ್ಧ ಕೊಡುತ್ತಾರೆ. ಡೋಸ್ ಎಷ್ಟು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಕೊಡುವ ರೀತಿ ನಾನು ಹೇಳುತ್ತೇನೆ.

ನೋವು ಬರಲಿ ಅಂತ ಕಾಯಬೇಡಿ, ಗಡಿಯಾರ ನೋಡಿ ಕೊಡಿ. ಸಾಮಾನ್ಯ ಮಾರ್ಫಿನ್ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸುವುದು ಬೇಡ ಅಂತ ಕೆಲವು ಡಾಕ್ಟರು 10 ಗಂಟೆಗೆ ಡಬಲ್ ಬರೆದಿರುತ್ತಾರೆ. ಚೀಟಿಯಲ್ಲಿ ಹಾಗಿದ್ದರೆ ಮಾತ್ರ ಕೊಡಿ. ನಡುವೆ ನೋವು ಎದ್ದರೆ ಕೊಡಲು ಒಂದು ಎಕ್ಸ್‌ಟ್ರಾ ಡೋಸ್ ಬರೆಸಿಕೊಳ್ಳಿ. ಅದು ಕೊಟ್ಟರೂ ಮುಂದಿನ ಹೊತ್ತಿನದು ತಪ್ಪಿಸಬಾರದು. ಎಕ್ಸ್‌ಟ್ರಾ ಕೊಟ್ಟ ಹೊತ್ತನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ, ಡಾಕ್ಟರಿಗೆ ಬೇಕಾಗುವುದೇ ಅದು.

ಅರ್ಧ ಕೊಟ್ಟ ಮನೆಯಲ್ಲಿ ಏನಾಗುತ್ತದೆ ಅಂದರೆ, ಹೊತ್ತಿಗೆ ಮುಂಚೆಯೇ ನೋವು ವಾಪಸ್. ಅಜ್ಜ "ಮಾತ್ರೆ ಕೊಡ್ರೋ" ಅಂತ ಶುರು ಮಾಡುತ್ತಾರೆ. ಮಗ "ನೋಡಿ, ಚಟ ಹಿಡೀತು" ಅನ್ನುತ್ತಾನೆ. ಅದು ಚಟ ಅಲ್ಲ, ನೋವು. ಡೋಸ್ ಸಾಕಷ್ಟಿದ್ದು ಸರಿಯಾದ ಹೊತ್ತಿಗೆ ಕೊಟ್ಟರೆ ಆ ಕೂಗು ನಿಲ್ಲುತ್ತದೆ. ಚಟ ಇದ್ದವರು ನೋವಿಲ್ಲದಾಗಲೂ ಕೇಳುತ್ತಾರೆ, ಮಾತ್ರೆ ಬಚ್ಚಿಡುತ್ತಾರೆ. ದೇಹ ಔಷಧಕ್ಕೆ ಒಗ್ಗಿಕೊಳ್ಳುವುದು ಇನ್ನೊಂದು ವಿಷಯ. ಒಮ್ಮೆಲೇ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ ಬರುತ್ತದೆ. ರೇಡಿಯೇಷನ್ ಆಗಿ ನೋವು ಇಳಿದರೆ ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸುತ್ತಾರೆ.

ಹಾಗಂತ ಭಯಕ್ಕೆ ಜಾಗವೇ ಇಲ್ಲ ಅಂತಲ್ಲ. ಮೊದಲೇ ಕುಡಿತವೋ ಬೇರೆ ಚಟವೋ ಇದ್ದರೆ ಡಾಕ್ಟರಿಗೆ ಹೇಳಿಬಿಡಿ, ಮರ್ಯಾದೆ ಅಂತ ಮುಚ್ಚಿಡಬೇಡಿ. ಅಂಥವರ ನೋವಿಗೂ ಮಾರ್ಫಿನ್ ಕೊಡುತ್ತಾರೆ. ಒಂದು ಸಲಕ್ಕೆ ಕಡಿಮೆ ಮಾತ್ರೆ ಕೊಟ್ಟು, ಡಬ್ಬಿ ಮನೆಯ ಬೇರೊಬ್ಬರ ಕೈಯಲ್ಲಿಡಲು ಹೇಳುತ್ತಾರೆ. ಮದ್ಯವನ್ನೂ ಡಾಕ್ಟರು ಹೇಳದ ನಿದ್ದೆ ಮಾತ್ರೆಯನ್ನೂ ಇದರ ಜೊತೆ ಸೇರಿಸಲೇಬೇಡಿ.

ನನ್ನ ಅನುಭವದಲ್ಲಿ ಜನ ಮಾರ್ಫಿನ್ ಬಿಡುವುದು ಚಟಕ್ಕೆ ಹೆದರಿ ಮಾತ್ರ ಅಲ್ಲ, ಮೋಷನ್ ಆಗದೆ ಒದ್ದಾಡಿ. ವಾಂತಿ, ಮಂಪರು ಸಾಮಾನ್ಯವಾಗಿ ಕೆಲವು ದಿನಕ್ಕೆ ಇಳಿಯುತ್ತವೆ, ಮಲಬದ್ಧತೆ ಇಳಿಯುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಮೋಷನ್ ಮಾತ್ರೆಯನ್ನೂ ಬರೆಸಿಕೊಳ್ಳಿ, ಬಿಸಾಕೋಡಿಲ್ ತರಹದ್ದು. ಬಾಳೆಹಣ್ಣು, ಬಿಸಿನೀರು ಒಳ್ಳೆಯದೇ, ಆದರೆ ಸಾಲುವುದಿಲ್ಲ. 3 ದಿನ ಆಗದಿದ್ದರೆ ಫೋನ್ ಮಾಡಿ.

ಕರೆದರೂ ಎಚ್ಚರವಾಗುತ್ತಿಲ್ಲ, ಉಸಿರು ತುಂಬಾ ನಿಧಾನವಾಗಿದೆ ಅಂದರೆ ಮುಂದಿನ ಡೋಸ್ ಕೊಡದೆ ತಕ್ಷಣ ಡಾಕ್ಟರನ್ನು ಕರೆಯಿರಿ. ಮೂತ್ರ ಕಡಿಮೆಯಾದರೂ ತಿಳಿಸಿ. ಕಿಡ್ನಿ ಸೋತರೆ ಮಾರ್ಫಿನ್ ಮೈಯಲ್ಲೇ ಉಳಿದುಬಿಡುತ್ತದೆ.

ಇದು ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. 1985ರ ಮಾದಕವಸ್ತು ಕಾನೂನನ್ನು 2014ರಲ್ಲಿ ತಿದ್ದಿ ದಾರಿ ಸಲೀಸು ಮಾಡಿದರೂ, ಮಾನ್ಯತೆ ಪಡೆದ ಆಸ್ಪತ್ರೆಗಳನ್ನೇ ಹುಡುಕಬೇಕು. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯ ನೋವು ಶಮನ ವಿಭಾಗದಲ್ಲಿ ವಿಚಾರಿಸಿ. ಸಾಲು ರಜೆ ಇದ್ದರೆ ಮೊದಲೇ ಮಾತ್ರೆ ಎಣಿಸಿಕೊಳ್ಳಿ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಉಳಿದದ್ದನ್ನು ಕೊಟ್ಟ ಆಸ್ಪತ್ರೆಗೇ ವಾಪಸ್ ಕೊಡಿ, ಪಕ್ಕದ ಮನೆ ಅಜ್ಜಿಯ ಮಂಡಿನೋವಿಗೆ ಅಲ್ಲ.