ಶ್ಯೋಕ್ ಕಣಿವೆಲಿ ಮುಚ್ಚಿಹೋದ ಸಮುದ್ರ ಹುಡುಕಿದ ನನ್ನ ಅನುಭವ

ಲಡಾಖ್‌ನ ಖಾರ್ದುಂಗ್ ಲಾ ಪಾಸಿನ ಬೋರ್ಡ್ ಹತ್ರ ಬೈಕ್ ನಿಲ್ಸಿ ಫೋಟೋ ತೆಗೆಸ್ಕೊಂಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಆದ್ರೆ ಆಕಡೆ ಇಳಿದ್ರೆ ಸಿಗೋ ಶ್ಯೋಕ್ ಕಣಿವೆಲಿ ಒಂದು ಸಮುದ್ರನೇ ಮುಚ್ಚಿಹೋಗಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತೋ. ಅದಕ್ಕೆ ಶ್ಯೋಕ್ ಸೂಚರ್ ಅಂತಾರೆ, ಅಂದ್ರೆ ಹೊಲಿಗೆ, ನಡುವಿನ ಸಮುದ್ರ ಮುಚ್ಚಿ ಎರಡು ಭೂಭಾಗ ಸೇರ್ಕೊಂಡ ಜಾಗ. ಎಂಎಸ್ಸಿ ಆದ್ಮೇಲೆ ನಾನು ಎರಡು ಬೇಸಿಗೆ ಅಲ್ಲಿ ಕಲ್ಲು ಒಡ್ದಿದೀನಿ.

ಲಡಾಖ್ ಒಂದು ಕಾಲಕ್ಕೆ ಟೆಥಿಸ್ ಅನ್ನೋ ಈಗಿಲ್ಲದ ಹಳೇ ಸಾಗರದಂಚಲ್ಲಿದ್ದ ಜ್ವಾಲಾಮುಖಿಗಳ ಸಾಲು, ಅದಕ್ಕೂ ಉತ್ತರದ ಕಾರಕೋರಂಗೂ ನಡುವೆ ಒಂದು ಸಣ್ಣ ಸಮುದ್ರ. ಇಂಥ ಸಮುದ್ರ ಹುಟ್ಟೋದು ಹಿಂಗೆ: ಒಂದು ಪ್ಲೇಟು, ಅಂದ್ರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಇನ್ನೊಂದರ ಕೆಳಗೆ ಇಳೀತಿರುತ್ತೆ, ಅದು ತನ್ನ ಭಾರಕ್ಕೇ ಹಿಂದಕ್ಕೆ ಸರೀತಾ ಹೋದ್ರೆ ಮೇಲಿನ ಪ್ಲೇಟು ಹಿಗ್ಗಿ ಸೀಳುತ್ತೆ, ಆ ಸೀಳಲ್ಲಿ ಬಸಾಲ್ಟ್ (ಲಾವಾ ತಣ್ಣಗಾಗಿ ಆಗೋ ಕಪ್ಪು ಕಲ್ಲು) ಉಕ್ಕಿ ಹೊಸ ಸಾಗರತಳ ಹುಟ್ಟುತ್ತೆ. ಇವತ್ತಿನ ಉದಾಹರಣೆ ಬೇಕಂದ್ರೆ ಅಂಡಮಾನ್ ಸಮುದ್ರ ನೋಡಿ, ಬ್ಯಾರನ್ ಐಲ್ಯಾಂಡ್ ಇರೋದು ಜ್ವಾಲಾಮುಖಿ ಸಾಲಲ್ಲಿ, ಅದರಾಚೆ ಸುಮಾರು 40 ಲಕ್ಷ ವರ್ಷದಿಂದ ತಳ ಬಿರೀತಾ ಇದೆ, ಅಲ್ಲಿ ಪ್ಲೇಟು ಓರೆಯಾಗಿ ಜಾರ್ತಿರೋದೂ ಸೇರ್ಕೊಂಡಿದೆ ಅಷ್ಟೆ.

ಲೇಹ್‌ನಲ್ಲಿ ಮೈ ಒಗ್ಗೋವರೆಗೂ ಸುಮ್ನೆ ಮಲಗಿದ್ದು, ಪರ್ಮಿಟ್ ಮಾಡಿಸ್ಕೊಂಡಿದ್ದು ಎಲ್ಲಾ ಬಿಡಿ. ಪಾಸ್ ಹತ್ತೋವರೆಗೂ ಬರೀ ಗ್ರಾನೈಟು, ಇಳೀವಾಗ ಖಾರ್ದುಂಗ್ ವಾಲ್ಕೆನಿಕ್ಸ್ ಅನ್ನೋ ಜ್ವಾಲಾಮುಖಿ ಕಲ್ಲು, ಆಮೇಲೆ ಕೆಳಗೆ ಹಸಿರು ಮಾಸಿದ ಬಸಾಲ್ಟ್, ಸುಣ್ಣಕಲ್ಲು, ಸರ್ಪೆಂಟಿನೈಟ್ (ಭೂಮಿಯ ಆಳದ ಕಲ್ಲಿಗೆ ನೀರು ಸೇರಿ ಆಗೋ ಹಸಿರು ಕಲ್ಲು) ಎಲ್ಲಾ ಕಲಸುಮೇಲೋಗರ. ಪಿಲ್ಲೋ ಲಾವಾ, ಅಂದ್ರೆ ನೀರೊಳಗೆ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ, ಗುರುತು ಹಿಡಿಯೋದು ನಾನು ಕಲ್ತಿದ್ದು ಚಿತ್ರದುರ್ಗದ ಮರಡಿಹಳ್ಳಿಲಿ, 250 ಕೋಟಿ ವರ್ಷ ಆದ್ರೂ ಅಲ್ಲಿನವು ದಿಂಬು ಜೋಡಿಸಿಟ್ಟಂಗೆ ಚೆನ್ನಾಗಿವೆ. ಇಲ್ಲಿನವು ಅದರ ಮುಂದೆ ಚಿಕ್ಕ ಮಕ್ಕಳು, ಆದ್ರೆ ನಜ್ಜುಗುಜ್ಜಾಗಿರೋದ್ರಿಂದ ಒಂದು ದಿಂಬು ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ.

ಒಂದು ಮಧ್ಯಾಹ್ನ ಪೂರ್ತಿ ಪದರದ ದಿಕ್ಕು, ಓರೆ ಅಳೆಯೋ ನನ್ನ ಬ್ರಂಟನ್ ಕಂಪಾಸ್ ಹುಚ್ಚು ಹುಚ್ಚಾಗಿ ತೋರಿಸ್ತಿತ್ತು. ಹತ್ತು ಹೆಜ್ಜೆಗೊಂದು ದಿಕ್ಕು! ಇಲ್ಲಿ ಪದರ ಮಡಚಿಕೊಂಡಿದೆ ಅಂತ ನೋಟ್‌ಬುಕ್ಕಲ್ಲಿ ದೊಡ್ಡದಾಗಿ ಬರ್ದೂ ಬಿಟ್ಟೆ. ಸಂಜೆ ಟೀ ಕುಡೀತಾ ಹೊಳೀತು, ಸರ್ಪೆಂಟಿನೈಟಲ್ಲಿ ಮ್ಯಾಗ್ನೆಟೈಟ್ ಅನ್ನೋ ಕಾಂತೀಯ ಕಬ್ಬಿಣದ ಖನಿಜ ಇರುತ್ತಲ್ವಾ, ಮುಳ್ಳನ್ನ ಎಳೀತಿರೋದು ಅದೇ. ಫೋನಿನ ಆಪ್‌ನೂ ನಂಬೋ ಹಂಗಿಲ್ಲ, ಅದೂ ಮ್ಯಾಗ್ನೆಟ್ಟೇ. ಮಾರನೇ ದಿನ ಆ ಬಂಡೆಯಿಂದ ದೂರ ನಿಂತು, ಮ್ಯಾಪಲ್ಲಿರೋ ರಸ್ತೆ ತಿರುವಿನ ಲೆಕ್ಕದಲ್ಲಿ ಎಲ್ಲಾ ಮತ್ತೆ ಅಳೆದೆ. ಮಡಿಕೆನೂ ಇರಲಿಲ್ಲ ಮಣ್ಣೂ ಇರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಲ್ಯಾಬಲ್ಲಿ. ಇಂಥ ಸಮುದ್ರದ ಬಸಾಲ್ಟಿನ ಗುಣ ಅರ್ಧ ಸಾಗರದ್ದು, ಅರ್ಧ ಜ್ವಾಲಾಮುಖಿ ಸಾಲಿನದು, ಮುಳುಗೋ ಪ್ಲೇಟಿಂದ ಥೋರಿಯಂ ಏರಿ ಬರುತ್ತೆ, ನಯೋಬಿಯಂ ಟ್ಯಾಂಟಲಮ್ ಅನ್ನೋ ಲೋಹಗಳು ಎರಡೂ ಹಿಂದೆ ಉಳಿಯುತ್ತೆ, ಗ್ರಾಫಲ್ಲಿ ಅಲ್ಲೊಂದು ಸಣ್ಣ ತಗ್ಗು ಕಾಣುತ್ತೆ, ನಾನು ಹುಡುಕ್ತಿದ್ದಿದ್ದು ಆ ತಗ್ಗನ್ನ. ಬೇರಿಯಂ ಪೊಟ್ಯಾಸಿಯಂ ಎಲ್ಲಾ ಬಿಸಿನೀರಲ್ಲಿ ತೊಳ್ಕೊಂಡು ಓಡಾಡೋ ಪೈಕಿ, ಹಸಿರಾದ ಬಸಾಲ್ಟಲ್ಲಿ ಅವನ್ನ ನಂಬಂಗಿಲ್ಲ. ರಿಸಲ್ಟ್ ಬಂತು, ನಯೋಬಿಯಂ ಕಮ್ಮಿನೇ ಇತ್ತು, ಆದ್ರೆ ಟ್ಯಾಂಟಲಮ್ ಮೇಲೆದ್ದು ನಿಂತಿತ್ತು. ಮಾಮೂಲಾಗಿ ಬಸಾಲ್ಟಲ್ಲಿ ನಯೋಬಿಯಂ ಟ್ಯಾಂಟಲಮ್‌ನ 15-17 ಪಟ್ಟು ಇರುತ್ತೆ, ನನ್ನದು ಅದರ ಹತ್ರಕ್ಕೂ ಬರಲಿಲ್ಲ. ಏನೋ ಹೊಸ್ದು ಕಂಡುಹಿಡಿದೆ ಅಂತ ಎರಡು ದಿನ ಖುಷಿಲೇ ಇದ್ದೆ, ನಾಚಿಕೆಯಾಗುತ್ತೆ ಈಗ ನೆನಸ್ಕೊಂಡ್ರೆ. ಆಮೇಲೆ ನೋಡಿದ್ರೆ ಕೋಬಾಲ್ಟ್, ಟಂಗ್‌ಸ್ಟನ್ ಕೂಡ ಆಕಾಶಕ್ಕೆ ಹೋಗಿವೆ. ಪುಡಿ ಮಾಡಿದೋರು ಟಂಗ್‌ಸ್ಟನ್ ಕಾರ್ಬೈಡ್ ಮಿಲ್ಲಲ್ಲಿ ಅರೆದಿದ್ರು, ಅದರಿಂದ ಉದುರಿದ್ದು ನನ್ನ ಕಲ್ಲಿಗೆ ಸೇರಿತ್ತು. ತಪ್ಪು ನಂದೇ, ಯಾವುದರಲ್ಲಿ ಅರೀತೀರ ಅಂತ ಮೊದ್ಲೇ ಕೇಳ್ಬೇಕಿತ್ತು. ಉಳಿದ ಚೂರುಗಳನ್ನ ಅಗೇಟ್ ಅನ್ನೋ ಗಟ್ಟಿ ಕಲ್ಲಿನ ಮಿಲ್ಲಲ್ಲಿ ನಾನೇ ಕೂತು ಅರೆದೆ, ಆಮೆ ವೇಗ, ಆದ್ರೆ ತಗ್ಗು ತನ್ನ ಜಾಗದಲ್ಲಿ ಬಂದು ಕೂತ್ಕೊಳ್ತು.

ಸಮುದ್ರ ಇತ್ತು, ಸರಿ, ಮುಚ್ಚಿದ್ದು ಯಾವಾಗ? ಇದ್ರ ಮೇಲೆ ಜಗಳ ಇನ್ನೂ ಇದೆ. ಸಮುದ್ರದ ಕಲ್ಲುಗಳ ಮೇಲೆ ನೆಲದಲ್ಲಿ ಕೂತ ಕೆಂಪು ಕಾಂಗ್ಲೋಮರೇಟ್ (ಉರುಟು ಕಲ್ಲುಗಳು ಅಂಟ್ಕೊಂಡು ಆದ ಬಂಡೆ) ಇದೆಯಲ್ಲ, ಸಾಲ್ಟೋರೋ ಪದರ, ಅದನ್ನ ಹಿಡ್ಕೊಂಡೋರು 9.2ರಿಂದ 8.5 ಕೋಟಿ ವರ್ಷದ ಹಿಂದೆನೇ ಮುಗೀತು ಅಂತಾರೆ. ಕಲ್ಲಿನ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ನೋಡಿದ ಇನ್ನೊಂದು ಗುಂಪು 4 ಕೋಟಿ ಅನ್ನುತ್ತೆ. 2020ರಲ್ಲಿ ಬಂದ ಪೇಲಿಯೋಮ್ಯಾಗ್ನೆಟಿಕ್ ಕೆಲಸದ (ಕಲ್ಲಲ್ಲಿ ಉಳಿದ ಹಳೇ ಕಾಂತತೆಯಿಂದ ಅದು ಹುಟ್ಟಿದ ಅಕ್ಷಾಂಶ ಲೆಕ್ಕ ಹಾಕೋದು) ಪ್ರಕಾರ ಅದೇ ಖಾರ್ದುಂಗ್ ವಾಲ್ಕೆನಿಕ್ಸ್ 6.6ರಿಂದ 6.2 ಕೋಟಿ ವರ್ಷದ ಹಿಂದೆ 8 ಡಿಗ್ರಿ ಉತ್ತರದ ಆಸುಪಾಸಲ್ಲಿತ್ತು, ಏಷ್ಯಾದ ಅಂಚಿಗೆ ಇನ್ನೂ ಬಹಳ ದೂರ, ಹಂಗಾದ್ರೆ ನಡುವೆ ನೀರಿದ್ದೇ ಇರ್ಬೇಕು. ನನ್ ಮನಸ್ಸು ಕೆಂಪು ಕಾಂಗ್ಲೋಮರೇಟ್ ಕಡೆಗೇ ವಾಲುತ್ತೆ, ಕೈಯಾರೆ ಮುಟ್ಟಿರೋದಕ್ಕೋ ಏನೋ, ಆದ್ರೆ ಒಂದು ಜಾಗದಲ್ಲಿ ನೀರು ಬತ್ತಿದ ಮಾತ್ರಕ್ಕೆ ಇಡೀ ಸಮುದ್ರ ಮುಚ್ತು ಅನ್ನೋಕಾಗಲ್ಲ ಅನ್ನೋದೂ ನಿಜ.

ಮುಂದಿನ ಬೇಸಿಗೆಗೆ ನಾನೂ ಈ ಕಾಂತತೆ ಅಳೆಯೋಕೆ ದಿಕ್ಕು ಗುರುತು ಹಾಕಿದ ಕೋರ್, ಅಂದ್ರೆ ಬಂಡೆ ಕೊರೆದು ತೆಗೆದ ಕಲ್ಲಿನ ಕೊಳವೆ ತುಂಡು, ತೆಗೀಬೇಕು ಅಂತಿದೀನಿ, ಅದಕ್ಕೆ ಈ ಸಲ ಮ್ಯಾಗ್ನೆಟ್ ಮುಳ್ಳಿನ ಸಹವಾಸ ಬೇಡ ಅಂತ ಒಬ್ಬ ಸ್ನೇಹಿತನ ಹತ್ರ ಬಿಸಿಲ ನೆರಳಿಂದ ದಿಕ್ಕು ಹೇಳೋ ಸನ್ ಕಂಪಾಸ್ ಸಾಲ ಕೇಳಿಟ್ಟಿದೀನಿ.