ತೂಗುಬುಟ್ಟಿಯಲ್ಲಿ ಫರ್ನ್ ಬೆಳೆಸುವುದು ಹೇಗೆ?

ತೂಗುಬುಟ್ಟಿಯ ಫರ್ನ್ ಬಾಡಿತು ಅಂದರೆ ಎಲ್ಲರೂ ಇನ್ನಷ್ಟು ನೀರು ಸುರಿಯುತ್ತಾರೆ. ಆದರೆ ತಪ್ಪು ಬಹಳ ಸಲ ಬುಟ್ಟಿ ತುಂಬಿದ ರೀತಿಯಲ್ಲೇ ಇರುತ್ತದೆ. ತೂಗುವ ಬುಟ್ಟಿಗೆ ಸುತ್ತಲೂ ಗಾಳಿ ತಾಗುವುದರಿಂದ ಅದು ನೆಲದ ಕುಂಡಕ್ಕಿಂತ ಬೇಗ ಒಣಗುತ್ತದೆ. ಹಾಗಂತ ತೋಟದ ಮಣ್ಣನ್ನು ಒತ್ತಿ ತುಂಬಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಫರ್ನ್ ಬೇರಿಗೆ ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಸಿಗುವ ಹಾಗೆ ಬುಟ್ಟಿ ಕಟ್ಟಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಗಿಡದ ಆಯ್ಕೆ. ಹೊಸಬರಿಗೆ ಬೋಸ್ಟನ್ ಫರ್ನ್ ಒಳ್ಳೆಯದು. 1894ರಲ್ಲಿ ಅಮೆರಿಕದ ಬೋಸ್ಟನ್‌ಗೆ ಬಂದ ಗಿಡಗಳ ನಡುವೆ, ಎಲೆ ಬಳುಕಿ ಇಳಿಬಿದ್ದಿದ್ದ ಈ ತಳಿ ಸಿಕ್ಕಿತು. ಹೀಗೆ ಇಳಿಬೀಳುವ ಗಿಡಕ್ಕೆ ತೂಗುಬುಟ್ಟಿಗಿಂತ ಒಳ್ಳೆಯ ಜಾಗ ಇಲ್ಲ. ದವಾಲಿಯಾ ಜಾತಿಯ ಫರ್ನ್ ಕೂಡ ಚೆನ್ನ. ಅದರ ರೋಮ ತುಂಬಿದ ಕಾಂಡಗಳು ಬುಟ್ಟಿಯ ಅಂಚು ದಾಟಿ ಹೊರಗೆ ಹರಿಯುತ್ತವೆ. ಮೇಡನ್‌ಹೇರ್ ಫರ್ನ್ ನೋಡಲು ಚೆಂದ, ಆದರೆ ಒಂದು ಸಲ ನೀರು ತಪ್ಪಿದರೂ ಸುರುಟಿಹೋಗುತ್ತದೆ. ಅದನ್ನು ಕೈ ಪಳಗಿದ ಮೇಲೆ ತನ್ನಿ.

ಬುಟ್ಟಿ 30 ಸೆಂಟಿಮೀಟರ್ ಅಗಲದ ತಂತಿಯದ್ದಾಗಿರಲಿ. ತೀರಾ ಚಿಕ್ಕದು ದಿನಕ್ಕೆರಡು ಸಲ ನೀರು ಕೇಳುತ್ತದೆ. ಒಳಗೆ ತೆಂಗಿನ ನಾರಿನ ಹಾಸು ಅಥವಾ ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ದಪ್ಪಗೆ ಹಾಸಿ. ತುಂಬಲು ಎರಡು ಪಾಲು ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎಲೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಾಕು. ಕೋಕೊಪೀಟ್ ಅನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಅದರಲ್ಲಿ ಉಪ್ಪಿನಂಶ ಉಳಿದಿದ್ದರೆ ಎಲೆಯ ತುದಿ ಕಂದಾಗುತ್ತದೆ.

ನೆಡುವ ಹಿಂದಿನ ದಿನ ಗಿಡಕ್ಕೆ ಚೆನ್ನಾಗಿ ನೀರು ಹಾಕಿ. ಹಳೆಯ ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಇಲ್ಲೂ ಅಷ್ಟೇ ಆಳದಲ್ಲಿ ಕೂರಿಸಿ, ಸುತ್ತಲೂ ಮಿಶ್ರಣ ತುಂಬಿ ಬೆರಳಿನಿಂದ ಹಗುರವಾಗಿ ಒತ್ತಿ. ನೀರು ನಿಲ್ಲಲು ಮೇಲೆ ಎರಡು ಬೆರಳು ಜಾಗ ಬಿಡಿ. ದವಾಲಿಯಾ ಕಾಂಡವನ್ನು ಮಾತ್ರ ಹೂಳಬೇಡಿ, ಹೂತರೆ ಕೊಳೆಯುತ್ತದೆ. ಮೇಲೆಯೇ ಮಲಗಿಸಿ, ಬಾಗಿಸಿದ ತಂತಿಯಿಂದ ಹಿಡಿದಿಡಿ.

ಸ್ಟ್ಯಾಗ್‌ಹಾರ್ನ್ ಫರ್ನ್‌ನ ರೀತಿಯೇ ಬೇರೆ. ಕಾಡಿನಲ್ಲಿ ಇದು ಮರದ ಕಾಂಡಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಹಾಗಾಗಿ ಮನೆಯಲ್ಲೂ ಇದನ್ನು ಹಲಗೆಗೆ ಕಟ್ಟಬಹುದು. ರಾಸಾಯನಿಕ ಹಚ್ಚದ ಗಟ್ಟಿ ಹಲಗೆ ತೆಗೆದುಕೊಂಡು, ಗಿಡದ ಬುಡಕ್ಕಿಂತ ಸ್ವಲ್ಪ ದೊಡ್ಡ ವೃತ್ತದಲ್ಲಿ ಮೊಳೆ ಹೊಡೆಯಿರಿ. ನಡುವೆ ಒದ್ದೆ ಪಾಚಿಯನ್ನು ಗುಡ್ಡೆ ಮಾಡಿ, ಅದರ ಮೇಲೆ ಗಿಡ ಇಟ್ಟು, ಮೀನಿನ ಗಾಳಕ್ಕೆ ಬಳಸುವ ನೈಲಾನ್ ದಾರವನ್ನು ಮೊಳೆಯಿಂದ ಮೊಳೆಗೆ ಅಡ್ಡಡ್ಡ ಎಳೆದು ಬಿಗಿಯಿರಿ. ಹೊಸ ಎಲೆ ಹೊರಡುವ ನಡುಮೊಗ್ಗಿನ ಮೇಲೆ ದಾರ ಹಾಯಬಾರದು. ತಾಮ್ರದ ತಂತಿಯೂ ಬೇಡ, ಗಿಡಕ್ಕೆ ಆಗುವುದಿಲ್ಲ.

ಈ ಗಿಡಕ್ಕೆ ಎರಡು ಬಗೆಯ ಎಲೆ. ಜಿಂಕೆಯ ಕೊಂಬಿನಂತೆ ಕವಲೊಡೆಯುವುದು ಒಂದು, ಬುಡವನ್ನು ಅಪ್ಪಿ ಹಿಡಿಯುವ ಗುರಾಣಿ ಎಲೆ ಇನ್ನೊಂದು. ಗುರಾಣಿ ಎಲೆ ಕೆಲವು ಕಾಲದ ಮೇಲೆ ಕಂದಾಗಿ ಒಣಗುತ್ತದೆ. ಸತ್ತಿತು ಅಂತ ಕೀಳಬೇಡಿ! ಬೇರನ್ನು ಕಾಯುವುದು, ತೇವ ಹಿಡಿದಿಡುವುದು ಅದೇ. ಹೊಸ ಗುರಾಣಿಗಳು ಬಂದ ಹಾಗೆ ದಾರವೂ ಮುಚ್ಚಿಹೋಗುತ್ತದೆ.

ತೂಗುಹಾಕುವ ಕೊಕ್ಕೆ ಗಟ್ಟಿಯಾಗಿರಲಿ, ನೀರು ಕುಡಿದ ಬುಟ್ಟಿ ತುಂಬಾ ಭಾರ. ಬೆಳಕು ಚೆನ್ನಾಗಿ ಬೀಳುವ, ಆದರೆ ಮಧ್ಯಾಹ್ನದ ಬಿಸಿಲು ನೇರವಾಗಿ ತಾಗದ ಜಾಗ ನೋಡಿ.

ನೀರಿಗೆ ವಾರದ ಲೆಕ್ಕ ಇಟ್ಟುಕೊಳ್ಳುವುದಕ್ಕಿಂತ ಬುಟ್ಟಿಯನ್ನು ಕೆಳಗಿನಿಂದ ಸ್ವಲ್ಪ ಎತ್ತಿ ನೋಡುವುದು ಮೇಲು. ಹಗುರ ಅನಿಸಿದರೆ ನೀರು ಬೇಕು. ಬುಟ್ಟಿ ಪೂರ್ತಿ ಒಣಗಿದ್ದರೆ ಮೇಲಿನಿಂದ ಹಾಕಿದ ನೀರು ಒಳಗೆ ಇಳಿಯುವ ಮೊದಲೇ ಅಂಚಿನಿಂದ ಜಾರಿ ಸೋರಿಹೋಗಬಹುದು. ಆಗ ಬುಟ್ಟಿಯನ್ನು ಇಳಿಸಿ, ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವ ತನಕ ಅದ್ದಿಡಿ. ಹಲಗೆಯ ಗಿಡವನ್ನೂ 15 ನಿಮಿಷ ಹೀಗೇ ನೆನೆಸಬಹುದು. ಎಲೆಗೆ ಸ್ಪ್ರೇ ಮಾಡಿದ ತೇವ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾಲ್ಕಾರು ಗಿಡಗಳನ್ನು ಹತ್ತಿರ ಹತ್ತಿರ ತೂಗುಹಾಕುವುದೇ ವಾಸಿ. ಗೊಬ್ಬರ ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಸಾಕು, ಅದೂ ಪೊಟ್ಟಣದ ಮೇಲೆ ಹೇಳಿದ್ದರ ಅರ್ಧದಷ್ಟು.

ಎಲೆಯ ಅಡಿಯಲ್ಲಿ ಸಾಲಾಗಿ ಕಂದು ಚುಕ್ಕೆ ಕಂಡರೆ ಗಾಬರಿ ಬೇಡ, ಅವು ಬೀಜಕಣಗಳ ಗುಂಪು. ಫರ್ನ್ ಹೂ ಬಿಡುವುದಿಲ್ಲ, ಅವುಗಳಿಂದಲೇ ವಂಶ ಬೆಳೆಸುತ್ತದೆ. ಚುಕ್ಕೆಗಳು ಎಲೆದಂಟಿನ ಮೇಲೂ ಚೆಲ್ಲಾಪಿಲ್ಲಿಯಾಗಿದ್ದು, ಉಗುರಿನಿಂದ ಕೆರೆದರೆ ಏಳುವಂತಿದ್ದರೆ ಅದು ರಸ ಹೀರುವ ಶಲ್ಕ ಕೀಟ (ಸ್ಕೇಲ್). ಒದ್ದೆ ಹತ್ತಿಯಿಂದ ಒರೆಸಿ ತೆಗೆಯಿರಿ. ಎಣ್ಣೆ ಬೆರೆತ ಔಷಧಿ ಎಳೆ ಎಲೆಯನ್ನು ಸುಡಬಹುದು.

ಬೋಸ್ಟನ್ ಫರ್ನ್‌ನ ಬೇರು ಬುಟ್ಟಿ ತುಂಬಿದಾಗ ಚೂಪಾದ ಚಾಕುವಿನಿಂದ ಬುಡವನ್ನು ಎರಡು ಮೂರು ಭಾಗ ಮಾಡಿ. ಪ್ರತಿ ಭಾಗದಲ್ಲೂ ಬೇರು, ಎಲೆ ಎರಡೂ ಇರಬೇಕು. ಹೊಸದಾಗಿ ನೆಟ್ಟ ಬುಟ್ಟಿಗಳನ್ನು ಒಂದೆರಡು ವಾರ ನೆರಳಲ್ಲಿಟ್ಟು, ಚಿಗುರಿನ ಸುರುಳಿ ಏಳತೊಡಗಿದ ಮೇಲೆ ಬೆಳಕಿಗೆ ತೂಗುಹಾಕಿ.